ಅಯೋನಾಳ ಗೋಡೆಯ ಹಿಂದೆ

ಮನೆಯ ಮುಂದಿನ ಮೆಟ್ಟಿಲು ತೊಳೆಯದೆ ವರ್ಡೆಲ್ ಗ್ಯಾಸ್ಕಿನ್ಸ್ ಬೆಳಗಿನ ಕಾಫಿ ಕುಡಿದವರಲ್ಲ. ಬಿಳಿಗಲ್ಲಿನ ಮೆಟ್ಟಿಲುಗಳು ಅವು. ಒಂದು ಬಕೆಟ್ ಬಿಸಿನೀರು, ಗಟ್ಟಿ ಕೂದಲಿನ ಬ್ರಷ್ಷು, ಒಂದು ಹಿಡಿ ಸೋಪಿನ ಪುಡಿ. ಮೊಣಕಾಲ ಕೆಳಗೆ ಹಳೆಯ ದಿಂಬು ಇಟ್ಟುಕೊಂಡು ಮೇಲಿನ ಕಲ್ಲಿನಿಂದ ಉಜ್ಜುತ್ತ ಕೆಳಗಿಳಿಯುವರು. ಕಡೆಯಲ್ಲಿ ಕಾಲುದಾರಿಯ ಮೇಲೂ ಅಷ್ಟು ನೀರು ಚೆಲ್ಲಿ, ಸೊಂಟ ಹಿಡಿದುಕೊಂಡು ಎದ್ದು ನಿಂತು, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡುವರು. ಅವರು ನಮ್ಮ ಬೀದಿಯ ಕ್ಯಾಪ್ಟನ್, ಬೀದಿಯನ್ನು ನೋಡಿಕೊಳ್ಳಲು ನೆರೆಯವರೇ ಆರಿಸಿದವರು. ಕಸದ ದಿನ ಯಾರು ಡಬ್ಬಿ ಹೊರಗಿಟ್ಟಿಲ್ಲ, ಯಾರ ಮನೆಯ ದೀಪ ಎರಡು ದಿನದಿಂದ ಉರಿದಿಲ್ಲ ಎಂಬುದೆಲ್ಲ ಆ ಒಂದು ನೋಟದಲ್ಲಿ ತಿಳಿಯುತ್ತಿತ್ತು.

ಫಿಲಡೆಲ್ಫಿಯಾದ ನಮ್ಮ ಒಪಲ್ ಬೀದಿಯ ಉಳಿದವರೆಲ್ಲ ಮೆಟ್ಟಿಲು ತೊಳೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಎದುರುಮನೆಯ ಯೂಲಾ ಕಲ್ಲನ್ನೇ ಕೀಳಿಸಿ ಸಿಮೆಂಟು ಹಾಕಿಸಿಕೊಂಡಿದ್ದಳು. ಅವಳು ರಾತ್ರಿಯ ಟೋಪಿಯಲ್ಲೇ ಕಿಟಕಿಗೆ ಬಂದು ಕೂಗುವಳು:

"ಮಿಸ್ ವರ್ಡೆಲ್, ಹೀಗೆ ಉಜ್ಜಿದ್ರೆ ಕಲ್ಲು ಸವೆದು ಹೋಗುತ್ತೆ. ಆಮೇಲೆ ಏಣಿ ಹಾಕ್ಕೊಂಡು ಮನೆಗೆ ಹೋಗ್ತೀರಾ?"

"ನಿನ್ನ ನಾಲಿಗೆ ಇಷ್ಟು ವರ್ಷ ಆದ್ರೂ ಸವೆದಿಲ್ಲ. ಕಲ್ಲು ಯಾಕೆ ಸವೆಯುತ್ತೆ?"

ನಾನು ಅದೇ ಸಾಲಿನಲ್ಲಿ ಸ್ವಲ್ಪ ಈಚೆಗಿನ ಮನೆಯವಳು. ಚರ್ಚಿನಲ್ಲೂ ನಾವಿಬ್ಬರೂ ಒಂದೇ ಬೆಂಚಿನವರು. ಶನಿವಾರ ಸೊಪ್ಪು ಬಿಡಿಸುವಾಗ ಅವರು ಹೇಳುವರು, ನಾನು ಕೇಳುವೆ. ಕೆಲವನ್ನು ಕಣ್ಣಾರೆ ಕಂಡೆ. ಹೀಗೆ ತಿಳಿದದ್ದನ್ನೇ ಇಲ್ಲಿ ಬರೆದಿದ್ದೇನೆ.

ವರ್ಡೆಲ್ ಅವರದು ಮೊದಲು ಸಾಲಿನ ಕೊನೆಯ ಮನೆಯಾಗಿರಲಿಲ್ಲ. ನಮ್ಮ ಕಡೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ನಿಂತವು. ಇಬ್ಬರ ನಡುವೆ ಒಂದೇ ಗೋಡೆ. ಅವರ ಆಚೆ ಬದಿಗೆ ಟಾಲಿವರ್ ಕುಟುಂಬದ ಮನೆ ಇತ್ತು. ಆ ಮನೆಯ ಮಗಳು ಅಯೋನಾ. ಇಬ್ಬರೂ ಒಂದೇ ವಯಸ್ಸಿನವರು. ಮಹಡಿಯಲ್ಲಿ ಗೋಡೆಯ ಈ ಕಡೆ ವರ್ಡೆಲ್ ಮಂಚ, ಆ ಕಡೆ ಅಯೋನಾಳ ಮಂಚ. ಮಲಗುವ ಮುಂಚೆ ಇವಳು ಗೋಡೆ ತಟ್ಟಿದರೆ ಅವಳೂ ತಟ್ಟುವಳು. ಸಂಜೆ ಮೆಟ್ಟಿಲ ಮೇಲೆ ಕುಳಿತು ಹಾಡುವಾಗ ಮೇಲಿನ ದನಿ ಅಯೋನಾಳದು, ಕೆಳಗಿನದು ವರ್ಡೆಲ್ ಅವರದು.

ಮೇಲಿನ ದನಿ ಊರು ಬಿಟ್ಟು ಹೋಯಿತು. ಅಯೋನಾ ಟಾಲಿವರ್ ಎಂದರೆ ಗೊತ್ತಿಲ್ಲದವರಿಲ್ಲ ಎನ್ನುವ ಹಾಗಾಯಿತು. ರೇಡಿಯೋದವನು ಪ್ರತಿ ಸಲವೂ "ನಮ್ಮ ಫಿಲಡೆಲ್ಫಿಯಾದ ಹುಡುಗಿ" ಎಂದೇ ಅವಳ ಹಾಡು ಹಾಕುತ್ತಿದ್ದ. ಹುಡುಗಿ ಮನೆ ಮಾಡಿಕೊಂಡಿದ್ದು ಮಾತ್ರ ದೇಶದ ಆ ತುದಿಯ ಲಾಸ್ ಏಂಜಲೀಸ್‌ನಲ್ಲಿ. ವರ್ಡೆಲ್ ಅವರ ಗಂಡ ಲೆಮ್ಯುಯಲ್ ಆಗ ಬೀದಿಯ ಹಳಿಗಳ ಮೇಲೆ ಟ್ರಾಲಿ ಗಾಡಿ ಓಡಿಸುತ್ತಿದ್ದರು. ಅವರು ಹೇಳುತ್ತಿದ್ದ ಒಂದು ಮಾತು ನನಗೆ ಈಗಲೂ ನೆನಪಿದೆ.

"ಈ ಊರಿನ ಹೆಸರಾಂತವರು ಅಂದ್ರೆ ಯಾರು ಗೊತ್ತಾ? ಈ ಊರು ಬಿಟ್ಟು ಹೋದವರು. ಉಳಕೊಂಡವರಿಗೆ ಹೆಸರಿಲ್ಲ, ಬರೀ ವಿಳಾಸ."

ಅಯೋನಾ ನಡುವಯಸ್ಸಿಗೆ ಬರುವ ಮುಂಚೆಯೇ ತೀರಿಕೊಂಡಳು. ಗಂಡ ಅಲ್ಲಿಯೇ ಮಣ್ಣು ಮಾಡಿಸಿದ. ಅವಳ ತಾಯಿಗೆ ವಿಮಾನವೆಂದರೆ ಜೀವಭಯ. ಮಗಳ ಸಮಾಧಿಯನ್ನು ಅವರು ಕಾಣಲೇ ಇಲ್ಲ. ಮುಂದೆ ಮೊಣಕಾಲು ಸೋತು, ಚರ್ಚಿನವರು ಮುದುಕರಿಗೆಂದು ಕಟ್ಟಿಸಿದ ಕಟ್ಟಡಕ್ಕೆ ಹೋದರು. ಖಾಲಿ ಮನೆಯ ಸೂರು ಕುಸಿಯಿತು. ನಗರದವರು ಬಂದು ಮನೆಯನ್ನು ಕೆಡವಿ, ಇಟ್ಟಿಗೆ ಹೊತ್ತುಕೊಂಡು ಹೋದರು. ಅಲ್ಲಿ ಉಳಿದದ್ದು ಹುಲ್ಲು ಬೆಳೆದ ಖಾಲಿ ಜಾಗ, ಮತ್ತು ಬತ್ತಲಾಗಿ ನಿಂತ ವರ್ಡೆಲ್ ಅವರ ಗೋಡೆ. ಅದರ ಮೇಲೆ ಟಾಲಿವರ್ ಮನೆಯ ಏಣಿಮೆಟ್ಟಿಲಿನ ಗುರುತು ಓರೆಯಾಗಿ ಹತ್ತಿ ಹೋಗುತ್ತಿತ್ತು. ಮಹಡಿಯ ಮಟ್ಟದಲ್ಲಿ ಅಯೋನಾಳ ಕೋಣೆಯ ತಿಳಿನೀಲಿ ಬಣ್ಣ ಹಾಗೇ ಇತ್ತು. ಕೆಡವಿದವರು ಒಂದು ಪದರ ಸಿಮೆಂಟು ಮೆತ್ತಿ ಹೋದರು.

ಆಗ ನಮ್ಮ ಊರಿನಲ್ಲಿ ಹೀಗೆ ಬರಿದಾದ ಗೋಡೆಗಳ ಮೇಲೆಲ್ಲ ದೊಡ್ಡ ದೊಡ್ಡ ಚಿತ್ರ ಬರೆಯುವ ಕಾಲ. ಒಂದು ತಂಡದವರು ಬಂದು, ಮನೆಯವರು ಒಪ್ಪಿದರೆ, ಬೀದಿಯವರು ಕೇಳಿದರೆ ಇಲ್ಲೂ ಬರೆಯುತ್ತೇವೆ ಎಂದರು. ಈ ಕಡೆಯಿಂದ ಹೆಸರು ಮಾಡಿದವರು ಯಾರಾದರೂ ಇದ್ದರೆ ಒಳ್ಳೆಯದು ಎಂದರು. ವರ್ಡೆಲ್ ಬಾಗಿಲು ಬಾಗಿಲು ತಟ್ಟಿ ಎಲ್ಲರನ್ನೂ ಚರ್ಚಿನ ನೆಲಮಾಳಿಗೆಗೆ ಕರೆದರು. ಹುರಿದ ಮೀನು, ಬ್ರೆಡ್ಡು, ಖಾರದ ಸಾಸು. ತಿನ್ನುವಾಗ ಎಲ್ಲರೂ ಸುಮ್ಮನಿದ್ದರು. ಆಮೇಲೆ ಜಗಳ ಶುರುವಾಯಿತು.

ಒಬ್ಬರು ಬಾಕ್ಸರ್ ಬೇಕೆಂದರು. ಈ ಬೀದಿಯಲ್ಲಿ ಬೆಳೆದು, ಟಿವಿಯಲ್ಲಿ ಕಾಣಿಸಿಕೊಂಡು, ಬೇರೆ ರಾಜ್ಯದಲ್ಲಿ ಕಾರು ಮಾರುವ ಅಂಗಡಿ ಇಟ್ಟವನು. ಇನ್ನೊಬ್ಬರು ನ್ಯಾಯಾಧೀಶರ ಹೆಸರು ಹೇಳಿದರು.

"ಆ ಜಡ್ಜಾ?" ಎಂದು ಯೂಲಾ ಎದ್ದಳು. "ನನ್ನ ಚಿಕ್ಕಪ್ಪನ ಮಗನ್ನ ಒಳಗೆ ಹಾಕಿದ್ದು ಅವನೇ. ನಾನು ದಿನಾ ಬೆಳಿಗ್ಗೆ ಪರದೆ ಸರಿಸಿ ಅವನ ಮುಖ ನೋಡ್ಲಾ? ನೋಡಿದ ಕೂಡ್ಲೇ ತಪ್ಪೊಪ್ಪಿಕೊಳ್ಳಬೇಕು ಅನ್ನಿಸುತ್ತೆ."

ನಗು ಇಳಿದ ಮೇಲೆ ಮೂಲೆಯಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕುಳಿತಿದ್ದ ಮದರ್ ಟಾಲಿವರ್ ಮಾತಾಡಿದರು. ಮುಂದಿನ ಸಾಲಿನಲ್ಲಿ ಬಿಳಿ ಉಡುಪು ತೊಟ್ಟು ಕೂರುವ ನಮ್ಮ ಚರ್ಚಿನ ಮದರ್‌ಗಳಲ್ಲಿ ಅವರೇ ಹಿರಿಯರು. ಅಯೋನಾಳ ತಾಯಿ.

"ಹೂವು ತಗೊಂಡು ಹೋಗೋಣ ಅಂದ್ರೆ ನನಗೆ ಒಂದು ಜಾಗ ಇಲ್ಲ," ಎಂದರು ಅವರು. ಅಷ್ಟೇ.

ಬಾಕ್ಸರೂ ಹೋದ, ಜಡ್ಜೂ ಹೋದ; ಗೋಡೆ ಅಯೋನಾಳದಾಯಿತು. ಮುಂದಿನ ಭಾನುವಾರ ವರ್ಡೆಲ್ ಚರ್ಚಿನಲ್ಲಿ ಎದ್ದು ನಿಂತು, ವೇದಿಕೆಯ ಮುಂದೆ ಮದರ್ ಅವರ ಕೈ ಹಿಡಿದು, ತಾನು ಒಪಲ್ ಬೀದಿಯಲ್ಲಿ ಇರುವವರೆಗೂ ಅಯೋನಾಳ ಮುಖವನ್ನು ಯಾರೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ಸಭೆಯೆಲ್ಲ "ಆಮೆನ್" ಎಂದಿತು. ನಾನೂ ಎಂದೆ.

ಚಿತ್ರದವರು ಬಟ್ಟೆಯ ಮೇಲೆ ಬರೆದು ತಂದರು. ಆ ಬಟ್ಟೆಯನ್ನು ಅಂಟಿನಿಂದ ಗೋಡೆಗೆ ಹಚ್ಚಿ, ಮೇಲೆ ಮಳೆ ತಡೆಯುವ ಎಣ್ಣೆಬಣ್ಣದಂಥದನ್ನು ಬಳಿದರು. ಹಳದಿ ಗೌನು ತೊಟ್ಟ ಅಯೋನಾ ನೆಲದಿಂದ ಮಾಡಿನವರೆಗೆ ಎದ್ದು ನಿಂತಳು. ಬಾಯಿ ಹಾಡಿಗೆ ತೆರೆದಿತ್ತು. ಮುಖವಿದ್ದದ್ದು ಸರಿಯಾಗಿ ಮಹಡಿಯ ಮಟ್ಟದಲ್ಲಿ. ಆ ಗೋಡೆಯ ಒಳಬದಿಗೆ ಈಗ ವರ್ಡೆಲ್ ಮತ್ತು ಲೆಮ್ಯುಯಲ್ ಅವರ ಮಂಚ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ವ್ಯಾನು ಖಾಲಿ ಜಾಗದ ಪಕ್ಕ ನಿಲ್ಲುವುದು ರೂಢಿಯಾಯಿತು. ವ್ಯಾನು ಓಡಿಸುವ ಚರ್ಚಿನ ಹಿರಿಯ ಡೀಕನ್ ಮೇಬ್ರಿ ಪಕ್ಕದ ಬಾಗಿಲು ಸರಿಸುವರು. ಗಾಲಿಕುರ್ಚಿಯಲ್ಲಿ ಕುಳಿತೇ ಮದರ್ ಟಾಲಿವರ್ ಮಗಳೊಂದಿಗೆ ಮಾತಾಡುವರು. ಯಾರು ಸತ್ತರು, ಯಾರಿಗೆ ಮೊಮ್ಮಗು ಹುಟ್ಟಿತು, ತಮ್ಮ ಕಟ್ಟಡದ ಊಟದ ಮನೆಯವರು ಸೊಪ್ಪಿಗೆ ಉಪ್ಪೇ ಹಾಕುವುದಿಲ್ಲ, ಇಂಥವೇ. ವರ್ಡೆಲ್ ಸಿಹಿಗೆಣಸಿನ ಪೈ ಒಂದು ತುಂಡು ತಂದು ಕೊಡುವರು. ಮದರ್ ತಿಂದು ಮುಗಿಸಿ, "ಬರ್ತೀನಮ್ಮಾ" ಎಂದು ಗೋಡೆಗೆ ಹೇಳಿ ಹೋಗುವರು. ವಯಸ್ಸಾದ ಹಾಗೆ ಅವರ ಕಣ್ಣು ಮಂಜಾಯಿತು; ಆದರೂ ಬರುವುದು ತಪ್ಪಲಿಲ್ಲ.

ಗೋಡೆಯ ಒಳಗೆ ಕಂದು ಕಲೆ ಮೊದಲು ಕಂಡದ್ದು ಯಾವಾಗಲೆಂದು ವರ್ಡೆಲ್ ಅವರಿಗೇ ನೆನಪಿಲ್ಲ. ಮಂಚದ ತಲೆಯ ಬಳಿ ಒಂದು ಅಂಗೈಯಷ್ಟು. ಅವರು ಕಲೆ ನೋಡಿಕೊಂಡು ಸುಮ್ಮನಿರುವವರಲ್ಲ. ಒಳ್ಳೆಯ ದಪ್ಪ ಎಣ್ಣೆಬಣ್ಣ ತಂದು ಬಳಿದರು. ಮುಂದಿನ ವಸಂತದಲ್ಲಿ ಕಲೆ ಬಣ್ಣದ ಪಕ್ಕ ಬಂತು, ಅಲ್ಲೂ ಬಳಿದರು. ಹಾಗೆ ವರ್ಷಕ್ಕೊಂದು ಪದರ ಏರುತ್ತ ಹೋಯಿತು. ಗೋಡೆ ನೋಡಲು ಬೆಣ್ಣೆಯ ಹಾಗೆ ಹೊಳೆಯುತ್ತಿತ್ತು. ಮುಟ್ಟಿದರೆ ತಣ್ಣಗೆ. ಹತ್ತಿರ ಹೋದರೆ ಹಳೆಯ ಬಾವಿಯ ವಾಸನೆ.

ಲೆಮ್ಯುಯಲ್ ಅವರಿಗೆ ಕೆಮ್ಮು ಶುರುವಾಯಿತು. ಮೊದಲ ಚಳಿಗಾಲ ಅದನ್ನು ಚಳಿಯ ಕೆಮ್ಮು ಎಂದೆವು. ಬೇಸಿಗೆಯಲ್ಲೂ ಹೋಗದಿದ್ದಾಗ ಡಾಕ್ಟರು ಎದೆಯ ಫೋಟೋ ತೆಗೆಸಿ, "ಮನೇಲಿ ತೇವ ಇದೆಯಾ?" ಎಂದು ಕೇಳಿದರು. ವರ್ಡೆಲ್ "ಇಲ್ಲ" ಎಂದರು. ಬಣ್ಣ ಹಚ್ಚಿದ್ದಾಗಿತ್ತಲ್ಲ.

ಎರಡನೇ ವರ್ಷದ ಹೊತ್ತಿಗೆ ಲೆಮ್ಯುಯಲ್ ಅವರಿಗೆ ಮಹಡಿಯಿಂದ ಇಳಿದು ಬರುವುದೇ ಆಗಲಿಲ್ಲ. ನಮ್ಮ ಮನೆಗಳ ಒಳಮೆಟ್ಟಿಲು ಕಡಿದು, ಇಕ್ಕಟ್ಟು. ತಿರುವಿನಲ್ಲಿ ಇಬ್ಬರು ನಿಲ್ಲುವಂತಿಲ್ಲ. ವರ್ಡೆಲ್ ಮಂಚವನ್ನು ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ಎಳೆದರು. ಅಲ್ಲಿಂದ ನಡುಕೋಣೆಗೆ. ಏನು ಪ್ರಯೋಜನ? ಆ ಗೋಡೆ ಮನೆಯ ಉದ್ದಕ್ಕೂ ಹೋಗುತ್ತದೆ. ಯಾವ ಕೋಣೆಗೆ ಹೋದರೂ ಗೋಡೆಯೂ ಜೊತೆಗೇ ಬರುತ್ತದೆ.

"ನನ್ನ ಹೆಂಡತಿ ನನ್ನನ್ನು ಇನ್ನೊಬ್ಬಳ ಪಕ್ಕದಲ್ಲಿ ಮಲಗಿಸಿದಾಳೆ," ಎಂದು ಲೆಮ್ಯುಯಲ್ ನನಗೆ ಹೇಳಿದರು, ಸೂಪು ತೆಗೆದುಕೊಂಡು ಹೋದಾಗ. ಉಸಿರು ಎಳೆದುಕೊಂಡು ಮತ್ತೆ ಹೇಳಿದರು, "ಅವಳು ಹಾಡ್ತಾಳೆ, ನಾನು ಕೆಮ್ತೀನಿ. ಜೋಡಿ ಚೆನ್ನಾಗಿದೆ."

"ಬಾಯ್ಮುಚ್ಚಿ ಸೂಪು ಕುಡಿ, ಲೆಮ್," ಎಂದರು ವರ್ಡೆಲ್. ಅವರು ಕಿಟಕಿಗೆ ಮುಖ ಮಾಡಿ ನಿಂತಿದ್ದರು.

ಹೊರಗಡೆಯೂ ಏನೋ ಆಗುತ್ತಿತ್ತು. ಅಯೋನಾಳ ಎಡಗೆನ್ನೆ ಉಬ್ಬತೊಡಗಿತು. ಬೀದಿಯವರಿಗೆ ಅದು ತಮಾಷೆ. "ಅಯೋನಾ ಮೈ ಕೈ ತುಂಬ್ಕೊಂಡಿದಾಳೆ ನೋಡು," ಎಂದು ಯೂಲಾ ಕಿಟಕಿಯಿಂದ ಕೂಗಿದಳು, "ಮಿಸ್ ವರ್ಡೆಲ್, ಅವಳಿಗೂ ಪೈ ತಿನ್ನಿಸ್ತಿದೀರಾ?" ಆ ದಿನ ವರ್ಡೆಲ್ ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ಎಲೆ ಉದುರುವ ಕಾಲದಲ್ಲಿ ಒಂದು ಭಾನುವಾರ ಅವರು ಪೈ ತಟ್ಟೆ ಹಿಡಿದು ವ್ಯಾನಿನ ಬಾಗಿಲಲ್ಲಿ ನಿಂತು ಮೆಲ್ಲಗೆ ಮಾತು ತೆಗೆದರು. ನಾನು ಪಕ್ಕದಲ್ಲೇ ಇದ್ದೆ.

"ಮದರ್, ಒಂದು ವೇಳೆ ಈ ಗೋಡೆ ರಿಪೇರಿ ಮಾಡಬೇಕಾಗಿ ಬಂದ್ರೆ..."

"ರಿಪೇರಿ ಅಂದ್ರೆ? ಬಣ್ಣ ಹಚ್ಚೋದಾ?"

"ಅದಕ್ಕಿಂತ ಸ್ವಲ್ಪ ಜಾಸ್ತಿ ಆಗಬಹುದು."

ಮದರ್ ಟಾಲಿವರ್ ಮಂಜುಗಣ್ಣನ್ನು ಹಳದಿಯ ಕಡೆಯಿಂದ ತಿರುಗಿಸಲಿಲ್ಲ. "ವರ್ಡೆಲ್, ಮಗಳೇ. ನನ್ನ ಮನೆ ಕೆಡವಿದಾಗ ನಾನು ಯಾರನ್ನೂ ಏನೂ ಕೇಳಲಿಲ್ಲ. ಇದೊಂದು ಕೇಳಿದೆ. ನೀನು ದೇವರ ಮುಂದೆ ನಿಂತು ಹೂಂ ಅಂದೆ."

"ಹೌದು, ಮದರ್."

"ಹಾಗಾದ್ರೆ ಆಯ್ತಲ್ಲ. ಆ ಪೈ ಕೊಡು."

ವರ್ಡೆಲ್ ಕೊಟ್ಟರು. ಆ ಮೇಲೆ ಚಳಿಗಾಲವಿಡೀ ಗೋಡೆಯ ಮಾತೆತ್ತಲಿಲ್ಲ. ಒಳಗೆ ಎರಡು ಹೀಟರು ಹಚ್ಚಿದರು. ಬಿಸಿಗೆ ಗೋಡೆ ಬೆವರಿತು. ಬೆವರಿದ್ದನ್ನು ಬಟ್ಟೆಯಿಂದ ಒರೆಸಿದರು. ರಾತ್ರಿಯೆಲ್ಲ ಗಂಡನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಮುಂಜಾನೆ ಅವರು ಬಕೆಟ್ ಹಿಡಿದು ಮೆಟ್ಟಿಲಿಗೆ ಬರುವುದನ್ನು ನಾನು ನನ್ನ ಕಿಟಕಿಯಿಂದ ನೋಡಿದ್ದೇನೆ. ಪ್ರಾರ್ಥನೆಯಲ್ಲಿ ಅವರಿಗಾಗಿ ಏನು ಕೇಳಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಗಂಡನ ಉಸಿರನ್ನು ಬೇಡಿದರೆ ತಾಯಿಯ ಗೋಡೆ ಹೋಗುತ್ತದೆ. ದೇವರೇ, ನಿನಗೆ ಗೊತ್ತಿದ್ದದ್ದು ಮಾಡು ಎಂದು ಮಲಗುತ್ತಿದ್ದೆ.

ಹಿಮ ಕರಗುವ ದಿನಗಳಲ್ಲಿ ಲೆಮ್ಯುಯಲ್ ತುಟಿ ನೀಲಿಯಾಯಿತು. ಆಂಬುಲೆನ್ಸಿನವರು ಆ ಇಕ್ಕಟ್ಟಿನ ಮೆಟ್ಟಿಲಿನಲ್ಲಿ ಅವರನ್ನು ಕುರ್ಚಿಗೆ ಕಟ್ಟಿ ಇಳಿಸಿದರು. ಆಸ್ಪತ್ರೆಯಲ್ಲಿ ಸುಧಾರಿಸಿಕೊಂಡರು. ಆದರೆ ಡಾಕ್ಟರು ಈ ಸಲ ಕೇಳಲಿಲ್ಲ, ಹೇಳಿದರು. ಆ ಮನೆ ಒಣಗುವವರೆಗೂ ಈ ಮನುಷ್ಯ ಅಲ್ಲಿಗೆ ಹೋಗುವಂತಿಲ್ಲ. ಹೋದರೆ ಇನ್ನೊಂದು ಚಳಿಗಾಲ ಕಾಣುವುದಿಲ್ಲ. ಅಲ್ಲಿಂದ ಅವರನ್ನು ರೋಗಿಗಳನ್ನು ನೋಡಿಕೊಳ್ಳುವ ಒಂದು ಮನೆಗೆ ಸಾಗಿಸಿದರು. ಒಂದು ಕೋಣೆಗೆ ಇಬ್ಬರು, ನಡುವೆ ಪರದೆ. ಪಕ್ಕದವನು ಹಗಲೂ ರಾತ್ರಿ ಟಿವಿ ಹಚ್ಚಿರುತ್ತಿದ್ದ. ಸಂಜೆ ಫೋನಿನಲ್ಲಿ ಲೆಮ್ಯುಯಲ್ ಕೇಳುವ ಮಾತು ಒಂದೇ.

"ವರ್ಡಿ, ನಾನು ಮನೆಗೆ ಯಾವಾಗ ಬರ್ಲಿ?"

ವರ್ಡೆಲ್ ಕಾರ್ಮೈನ್‌ನನ್ನು ಕರೆಸಿದರು. ದಕ್ಷಿಣ ಫಿಲಡೆಲ್ಫಿಯಾದ ಗಾರೆಯವನು. ಅವನ ತಂದೆಯೂ ಲೆಮ್ಯುಯಲ್ ಅವರೂ ಒಂದೇ ಟ್ರಾಲಿ ಡಿಪೋದಲ್ಲಿದ್ದವರು. ಅವನು ಏಣಿ ಹಾಕಿ ಹತ್ತಿ, ಸುತ್ತಿಗೆಯ ಹಿಡಿಯಿಂದ ಅಯೋನಾಳ ಕೆನ್ನೆ ತಟ್ಟಿದ. ಟೊಳ್ಳು ಸದ್ದು. ಚಾಕುವಿನ ತುದಿಯನ್ನು ಉಬ್ಬಿನ ಕೆಳಗೆ ಒತ್ತಿದ. ಕಂದು ನೀರು ಚಿಮ್ಮಿ ಅವನ ತೋಳಿನ ಮೇಲೆ ಇಳಿದು, ಹಳದಿ ಗೌನಿನ ಮೇಲೆ ಉದ್ದಕ್ಕೆ ಹರಿಯಿತು. ಯೂಲಾ ತನ್ನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು.

ಆಮೇಲೆ ಕಾರ್ಮೈನ್ ಒಳಗೆ ಹೋಗಿ ಮಹಡಿಯ ಗೋಡೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತ.

"ಮಿಸೆಸ್ ಗ್ಯಾಸ್ಕಿನ್ಸ್, ಇದು ಎರಡು ಮನೆಗಳ ನಡುವಿನ ಗೋಡೆ. ಮಳೆ ನೋಡೋದಕ್ಕೆ ಕಟ್ಟಿದ್ದಲ್ಲ. ಇಟ್ಟಿಗೆ ನೆನೆದ ಬಿಸ್ಕೆಟ್ ಥರ ಮೆತ್ತಗಿದೆ. ಹೊರಗಿಂದ ಅವರು ಬಟ್ಟೆ ಅಂಟಿಸಿ ಮುಚ್ಚಿದ್ರು. ಮೇಲಿಂದ ಇಳಿದ ನೀರು ಒಳಗಡೆಗಾದ್ರೂ ಬಂದು ಒಣಗ್ತಿತ್ತು. ಒಳಗೆ ಈ ಬಣ್ಣ ಹಚ್ಚಿದ್ದು ಯಾರು?"

"ನಾನೇ."

"ಎಷ್ಟು ಕೋಟು?"

"ಕಲೆ ಕಂಡಾಗೆಲ್ಲ."

ಅವನು ನಿಟ್ಟುಸಿರು ಬಿಟ್ಟ. "ಎಲ್ಲರೂ ಅದನ್ನೇ ಮಾಡ್ತಾರೆ. ನನ್ನ ಅಮ್ಮನೂ ಮಾಡಿದ್ಲು. ಹೊರಗೊಂದು ಮುಚ್ಚಳ, ಒಳಗೊಂದು ಮುಚ್ಚಳ. ನೀರು ಎಲ್ಲಿಗೆ ಹೋಗಬೇಕು ಹೇಳಿ?"

"ಒಳಗಿನ ಬಣ್ಣ ಮಾತ್ರ ಕಿತ್ತರೆ ಸಾಕಾಗಲ್ವಾ?"

"ಸಾಕಾಗಲ್ಲ. ಎರಡೂ ಕಡೆ ತೆಗೀಬೇಕು. ಬೇಸಿಗೆ ಪೂರ್ತಿ ಬರೀ ಇಟ್ಟಿಗೆ ಗಾಳಿಗೆ ನಿಲ್ಲಬೇಕು. ಆಮೇಲೆ ಸುಣ್ಣದ ಗಾರೆ. ಎಲೆ ಉದುರೋ ಹೊತ್ತಿಗೆ ನಿಮ್ಮೆಜಮಾನ್ರನ್ನ ಕರ್ಕೊಂಡು ಬರಬಹುದು."

"ಆ ಬಟ್ಟೇನ ಜೋಪಾನವಾಗಿ ಬಿಡಿಸಿ..."

"ಬರಲ್ಲ. ಅದು ಈಗ ಚರ್ಮ ಇದ್ದ ಹಾಗೆ. ತುಂಡು ತುಂಡಾಗೇ ಬರೋದು. ಹೊಸದಾಗಿ ಬರೀಬೇಕು ಅಂದ್ರೂ ಗಾರೆ ಕೂತ ಮೇಲೆ ಎರಡು ವರ್ಷ ಬಿಡಿ."

ಎರಡು ವರ್ಷ ಕಾಯುವ ವಯಸ್ಸು ಮದರ್ ಟಾಲಿವರ್ ಅವರದಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕೆಲಸಕ್ಕೆ ಲೆಮ್ಯುಯಲ್ ಅವರ ಪಿಂಚಣಿಯಿಂದ ಹೇಗೋ ಆಗುತ್ತಿತ್ತು, ತೊಡಕು ಅದಾಗಿರಲಿಲ್ಲ.

ಶನಿವಾರ ಸೊಪ್ಪು ಬಿಡಿಸುತ್ತ ವರ್ಡೆಲ್ ನನ್ನನ್ನು ಕೇಳಿದರು, "ಕೊಟ್ಟ ಮಾತು ಮುರಿದ್ರೆ ಪಾಪ ಅಲ್ವಾ?"

"ಪಾಪ," ಎಂದೆ.

"ಉಸಿರಾಡೋಕೆ ಆಗದ ಮನುಷ್ಯನ್ನ ಅಲ್ಲಿ ಪರದೆ ಹಿಂದೆ ಬಿಟ್ಟು, ಇಲ್ಲಿ ನಾನು ಮಾತು ಉಳಿಸಿಕೊಂಡು ಕೂತ್ರೆ?"

ಅವರು ದಂಟು ಮುರಿಯುವುದನ್ನು ನಿಲ್ಲಿಸಿದ್ದರು. "ಆ ಕಡೆ ಹೋದ್ರೂ ಗೋಡೆ, ಈ ಕಡೆ ಹೋದ್ರೂ ಗೋಡೆ," ಎಂದರು. "ಇಷ್ಟು ದಿನ ಎರಡರ ನಡುವೆ ನಿಂತಿದ್ರೆ ಸಾಕು ಅಂದ್ಕೊಂಡಿದ್ದೆ. ನಿಂತೇ ಇದ್ದೆ. ಲೆಮ್ ಸಾಯ್ತಾ ಹೋದ."

ಸೋಮವಾರ ಅವರು ಕಾರ್ಮೈನ್‌ಗೆ ಫೋನು ಮಾಡಿ ಮುಂದಿನ ವಾರ ಬರಲು ಹೇಳಿದರು. ಬುಧವಾರದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು. ಅಂಗಡಿಯಲ್ಲಿ ಮಾತಾಡುತ್ತಿದ್ದವರು ವರ್ಡೆಲ್ ಒಳಗೆ ಬಂದರೆ ಸುಮ್ಮನಾಗುವರು. ಚರ್ಚಿನ ಹಾಡಿನ ತಂಡದವರು ಪ್ರತಿ ವರ್ಷ ಅಯೋನಾಳ ಹುಟ್ಟುಹಬ್ಬಕ್ಕೆ ಆ ಖಾಲಿ ಜಾಗದಲ್ಲಿ ಹಾಡುತ್ತಿದ್ದರು. ಅವರಲ್ಲಿ ಇಬ್ಬರು ದಾರಿಯಲ್ಲಿ ಸಿಕ್ಕರೂ ಮುಖ ತಿರುಗಿಸಿ ಹೋದರು. ಯೂಲಾ ಮಾತ್ರ ನೇರವಾಗಿ ಬೀದಿ ದಾಟಿ ಬಂದಳು.

"ಮಿಸ್ ವರ್ಡೆಲ್, ಅಯೋನಾ ಇಲ್ಲದ ಒಪಲ್ ಬೀದಿ ಅಂದ್ರೆ ಏನು? ಫೋಟೋ ತೆಗೆಯೋಕೆ ಜನ ಬರೋದು ಅವಳಿಗೋಸ್ಕರ. ಇನ್ನು ನಾಯಿ ಕೂಡ ಈ ಕಡೆ ಬಂದು ಕಾಲೆತ್ತಲ್ಲ."

"ಯೂಲಾ, ನಿನ್ನ ಮಹಡೀಲಿ ಎಷ್ಟು ಗೋಡೆ?"

"ನಾಲ್ಕು. ಯಾಕೆ?"

"ನಾಲ್ಕೂ ಒಣಗಿದೆಯಾ?"

"ಒಣಗಿದೆ."

"ಹಾಗಾದ್ರೆ ಒಂದು ಕೊಡು. ಲೆಮ್‌ನ ಅದರ ಪಕ್ಕ ಮಲಗಿಸ್ತೀನಿ."

ಯೂಲಾ ವಾಪಸು ಬೀದಿ ದಾಟಿದಳು. ಸಂಜೆ ಒಂದು ಪಾತ್ರೆಯಲ್ಲಿ ಮ್ಯಾಕರೋನಿ ತಂದು ಬಾಗಿಲ ಬಳಿ ಇಟ್ಟು ಹೋದಳು. ಸಿಟ್ಟು ಹೋಗಿದೆಯೆಂದು ಹೇಳಲಿಲ್ಲ.

ಕೆಲಸ ಶುರುವಾಗುವ ಹಿಂದಿನ ದಿನ ಭಾನುವಾರ. ಕಬ್ಬಿಣದ ಕೊಳವೆಗಳು ಆಗಲೇ ಬಂದು ಖಾಲಿ ಜಾಗದಲ್ಲಿ ರಾಶಿ ಬಿದ್ದಿದ್ದವು. ಆರಾಧನೆಯ ಹೊತ್ತಿನಲ್ಲಿ ವರ್ಡೆಲ್ ನನ್ನ ಪಕ್ಕ ಕುಳಿತಿದ್ದರು. ಹಾಡಿಗೆ ಎದ್ದು ನಿಂತರೂ ಅವರ ಕೆಳದನಿ ನನಗೆ ಕೇಳಿಸಲಿಲ್ಲ. ಮುಂದಿನ ಸಾಲಿನಲ್ಲಿ ಮದರ್ ಟಾಲಿವರ್ ಅವರ ಬಿಳಿ ಟೋಪಿ ಕಾಣುತ್ತಿತ್ತು. ಅವರಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು?

ಮುಗಿದ ಮೇಲೆ ವರ್ಡೆಲ್ ಬೇಗ ಮನೆಗೆ ಹೋಗಿ ವ್ಯಾನಿಗಾಗಿ ಕಾಯುವೆನೆಂದು ಹೊರಟರು, ನಾನೂ ಜೊತೆಗೆ. ಹೊರಗಿನ ಮೆಟ್ಟಿಲ ಬಳಿ ಡೀಕನ್ ಮೇಬ್ರಿ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಅಡ್ಡ ಬಂದರು. ಒಳ್ಳೆಯ ಮನುಷ್ಯ. ಪ್ರತಿ ವಾರವೂ ಲೆಮ್ಯುಯಲ್ ಅವರನ್ನು ನೋಡಿ ಬರುವವರು.

"ಮಿಸ್ ವರ್ಡೆಲ್, ಒಂದು ಯೋಚನೆ ಬಂದಿದೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಹೇಳಿ, ಡೀಕನ್."

"ಮದರ್‌ಗೆ ಈಗ ಮುಖ ಕಾಣಲ್ಲ. ಅವರೇ ನನಗೆ ಹೇಳಿದಾರೆ. ಹಳದಿ ಮಾತ್ರ ಕಾಣೋದು. ಡಾಫಿನ್ ಬೀದಿ ಮೂಲೇಲಿ ಒಂದು ಗೋಡೆ ಇದೆಯಲ್ಲ, ಸೂರ್ಯಕಾಂತಿ ಹಿಡಿದ ಹೆಂಗಸಿಂದು? ಪೂರ್ತಿ ಹಳದಿ. ಪಕ್ಕದಲ್ಲಿ ಇಂಥದೇ ಖಾಲಿ ಜಾಗ. ನಾನು ವ್ಯಾನನ್ನ ಅಲ್ಲಿ ನಿಲ್ಲಿಸ್ತೀನಿ. ಸುತ್ತಿ ಬಳಸಿ ಹೋದ್ರೆ ದಾರಿ ಗೊತ್ತಾಗಲ್ಲ."

ಡೀಕನ್ ಒಂದು ಹೆಜ್ಜೆ ಹತ್ತಿರ ಬಂದರು.

"ನೀವು ಪೈ ತಗೊಂಡು ಅಲ್ಲಿಗೆ ಬನ್ನಿ. ಬಾಗಿಲು ತೆಗೆದಾಗ, 'ಮದರ್, ಬಂದ್ವಿ ನೋಡಿ' ಅಂತ ಒಂದು ಮಾತು. ನಿಮ್ಮ ದನಿ ಕೇಳಿದ್ರೆ ಅವರು ಇನ್ನೇನೂ ಕೇಳಲ್ಲ. ಅವರಿಗೆ ಇನ್ನೆಷ್ಟು ಭಾನುವಾರ ಉಳಿದಿದೆ? ಅವರ ಮನಸ್ಸೂ ನೋಯಲ್ಲ, ಲೆಮ್ಯುಯಲ್ಲೂ ಮನೆಗೆ ಬರ್ತಾನೆ. ಚರ್ಚಿನವರೆಲ್ಲ ಒಪ್ಪಿದಾರೆ. ಯಾರೂ ಬಾಯಿ ಬಿಡಲ್ಲ. ನಿಮ್ಮ ತಲೆ ಮೇಲಿನ ಭಾರ ಇಳಿದು ಹೋಗುತ್ತೆ."

ವರ್ಡೆಲ್ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತರು. ನಾನು ಅವರ ಮುಖ ನೋಡುತ್ತಿದ್ದೆ. ಎಷ್ಟೋ ತಿಂಗಳಿಂದ ಮುಚ್ಚಿದ್ದ ಬಾಗಿಲೊಂದು ತಾನಾಗಿ ತೆರೆದು, ಹೋಗು ಎನ್ನುತ್ತಿತ್ತು. ನಾನಾಗಿದ್ದರೆ ಹೋಗಿಬಿಡುತ್ತಿದ್ದೆನೇನೋ. ಅವರೂ ಒಂದು ಗಳಿಗೆ ಹಾಗೇ ಯೋಚಿಸಿರಬೇಕು. ಡಾಫಿನ್ ಬೀದಿಯ ಕಡೆ ಕಣ್ಣು ಹೋಯಿತು.

"ಅವರು ಮಾತಾಡೋದು ಮಗಳ ಹತ್ತಿರ," ಎಂದರು ಕಡೆಗೆ. "ಸೂರ್ಯಕಾಂತಿ ಹಿಡಿದವಳು ಯಾರೋ ಏನೋ."

"ದೇವರು ಕ್ಷಮಿಸ್ತಾನೆ, ಮಿಸ್ ವರ್ಡೆಲ್. ಅವನಿಗೆ ನಿಮ್ಮ ಕಷ್ಟ ಗೊತ್ತು."

"ಕ್ಷಮಿಸ್ತಾನೆ. ಆದ್ರೆ ಪ್ರತಿ ಭಾನುವಾರ ಹೋಗಿ ಅದೊಂದನ್ನೇ ಕೇಳ್ತಾ ಇರ್ಲಾ?"

"ನಿಜ ಹೇಳಿದ್ರೆ ಅವರು ನಿಮ್ಮನ್ನ ಶಪಿಸಬಹುದು. ಮತ್ತೆ ನಿಮ್ಮ ಕೈಯಿಂದ ನೀರೂ ಮುಟ್ಟದೇ ಇರಬಹುದು. ಅವರ ಹಠ ನಿಮಗೆ ಗೊತ್ತಲ್ಲ."

"ಗೊತ್ತು. ಅವರ ಮಗಳ ಪಕ್ಕದ ಮನೇಲಿ ಬೆಳೆದವಳು ನಾನು."

ಒಳಗಿನಿಂದ ಯಾರೋ ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಾಗಿಲಿಗೆ ತರುತ್ತಿದ್ದರು. ಮದರ್ ಟಾಲಿವರ್ ದಾರಿಯಲ್ಲಿ ಸಿಕ್ಕವರ ಕೈ ಹಿಡಿದು ಮಾತಾಡಿಸುತ್ತ ಬರುತ್ತಿದ್ದರು. ಡೀಕನ್ ಮೇಬ್ರಿ ಅತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಇನ್ನೊಂದು ಸಲ ಯೋಚನೆ ಮಾಡಿ. ವ್ಯಾನು ಯಾವ ಕಡೆ ತಿರುಗಬೇಕು ಅಂತ ಅಷ್ಟು ಹೇಳಿ. ಉಳಿದಿದ್ದೆಲ್ಲ ನನ್ನ ಮೇಲಿರಲಿ."

"ನೀವು ಒಳ್ಳೇ ಮನಸ್ಸಿಂದ ಹೇಳ್ತಿದೀರಿ, ಡೀಕನ್. ಅದನ್ನ ನಾನು ಮರೆಯಲ್ಲ. ಆದ್ರೆ ಬೇಡ. ಮಾತು ಕೊಟ್ಟವಳು ನಾನು, ಮುರಿದೆ ಅಂತ ಹೇಳಬೇಕಾದವಳೂ ನಾನೇ. ಒಪಲ್ ಬೀದಿಗೇ ಕರ್ಕೊಂಡು ಬನ್ನಿ."